ಗಿಳಿವೀಣೆಯ ತಂತಿ

ನಮ್ಮ ಮನೆಯಲ್ಲಿ ಹೆಸರಿಲ್ಲದ ಒಂದು ಪುಸ್ತಕವಿದೆ. ಒಂದು ಕಾಲಕ್ಕೆ ಹೆಸರಿತ್ತು. ಮೊದಲಿನ ಹದಿನಾರು ಪುಟಗಳ ಸಂಗಡ ಒರಲೆ ಅದನ್ನೂ ತಿಂದು ಹಾಕಿದೆ. ಬರೆದವರು ಯಾರು ಎಂಬುದೂ ಹಾಗೆಯೇ ಹೋಯಿತು. ಮರಾಠಿಯಲ್ಲಿದೆ, ನಮ್ಮ ಜಿಲ್ಲೆ ಮುಂಬಯಿಗೆ ಸೇರಿದ್ದ ಕಾಲದ್ದು, ಹಿಂದಿನವರ ತಂತಿವಾದ್ಯಗಳ ಕುರಿತದ್ದು. ಕೈಯಲ್ಲಿ ಹಿಡಿದು ಓದಲಿಕ್ಕೆ ಆಗುವುದಿಲ್ಲ, ಅಷ್ಟು ಭಾರ. ಹೋದ ವಾರ ನನ್ನ ಹೆಂಡತಿ ಅದನ್ನು ಮಿಕ್ಸರಿನ ಅಡಿಗೆ ಇಟ್ಟಿದ್ದಳು. ಹಾಗೆ ಇಟ್ಟರೆ ಮಿಕ್ಸರು ಕುಣಿಯುವುದಿಲ್ಲವಂತೆ. "ಇಷ್ಟು ವರ್ಷಕ್ಕೆ ನಿಂಗಳ ಪುಸ್ತಕ ಒಂದು ಉಪಯೋಗಕ್ಕೆ ಬಂತು" ಎಂದಳು. ನಾನು ಮಾತಾಡದೆ ಅದನ್ನು ಎತ್ತಿ, ರಟ್ಟಿನ ಮೇಲಿನ ಚಟ್ನಿ ಒರೆಸಿ, ಒಳಗೆ ಕಪಾಟಿನಲ್ಲಿ ಇಟ್ಟು ಬಂದೆ. ಅವಳಿಗೆ ಆಶ್ಚರ್ಯವಾಯಿತು. ಮಾತಾಡದೆ ಇರುವುದು ನನ್ನ ಜಾಯಮಾನವಲ್ಲ.

ದಪ್ಪ ಪುಸ್ತಕಗಳು ಉಪಯೋಗಕ್ಕೆ ಬರುವುದಿಲ್ಲ ಎಂದು ನಾನೇನೂ ಹೇಳಲಾರೆ. ನಮ್ಮ ಅಪ್ಪಯ್ಯ ಸಾಲೆ ಕಲಿತದ್ದು ಮರಾಠಿಯಲ್ಲಿ. ಅವನ ಮರಾಠಿ ಶಬ್ದಕೋಶವೊಂದು ಮನೆಯಲ್ಲಿತ್ತು. ತಿಂಗಳಿಗೊಮ್ಮೆ ಕ್ಷೌರಕ್ಕೆ ಬರುವಾತ ನನ್ನನ್ನು ಅದರ ಮೇಲೆ ಕೂರಿಸಿ ಎತ್ತರ ಸರಿಮಾಡಿಕೊಳ್ಳುತ್ತಿದ್ದ. ಹಲಸಿನ ಹಪ್ಪಳದ ಕಾಲದಲ್ಲಿ ಆಯಿ ಹಪ್ಪಳ ಡೊಂಕಾಗದ ಹಾಗೆ ಕಟ್ಟಿನ ಮೇಲೆ ಅದನ್ನು ಹೇರುತ್ತಿದ್ದಳು. ಪುಟ ತಿರುಗಿಸಿದರೆ ಜೀರಿಗೆ ಉದುರುತ್ತಿತ್ತು. ನಾನು ಮರಾಠಿ ಓದಲು ಕಲಿತದ್ದು ಅದೇ ಕೋಶದಿಂದ, ಅಂಗಳದಲ್ಲಿ ಹಪ್ಪಳ ಕಾಯುತ್ತ ಕೂತ ಮಧ್ಯಾಹ್ನಗಳಲ್ಲಿ, ಕಾಗೆ ಓಡಿಸುವ ಕೆಲಸದ ನಡುವೆ. ಹಪ್ಪಳದ ಕಾಲ ಚಿಕ್ಕದು. ಹೀಗಾಗಿ ವರ್ಣಮಾಲೆಯ ಮೊದಲರ್ಧದಲ್ಲಿ ನನ್ನ ಮರಾಠಿ ಗಟ್ಟಿ, ಮುಂದೆ ತುಸು ಸಡಿಲ.

ಅಷ್ಟು ಮರಾಠಿಯ ಬಲದ ಮೇಲೆ ಸಿರಸಿಯ ಒಂದು ಸಣ್ಣ ವಾಚನಾಲಯದಲ್ಲಿ ನನಗೆ ಜಾಗ ಸಿಕ್ಕಿತು. ಮೂವತ್ತು ವರ್ಷ ಅಲ್ಲಿ ಕೂತಿದ್ದೆ. ಕೆಲಸ ಮಾಡಿದೆ ಎಂದರೆ ಗೊತ್ತಿದ್ದವರು ನಗುತ್ತಾರೆ. ಬರುವವರು ಪತ್ರಿಕೆಗೆ ಬರುತ್ತಿದ್ದರು, ಫ್ಯಾನಿಗೆ ಬರುತ್ತಿದ್ದರು, ಯಲ್ಲಾಪುರದ ಬಸ್ಸಿಗೆ ಇನ್ನೂ ಅರ್ಧ ತಾಸು ಇದೆ ಎಂದು ಬರುತ್ತಿದ್ದರು. ಗೋಡೆಯ ಉದ್ದಕ್ಕೂ ಇದ್ದ ಕಪಾಟುಗಳ ಕಡೆ ಯಾರೂ ತಿರುಗುತ್ತಿರಲಿಲ್ಲ. ಅದರಲ್ಲೂ ಮರಾಠಿಯ ಕಪಾಟನ್ನು ತೆರೆಯುವವನು ನಾನೊಬ್ಬ, ಅದೂ ನನ್ನ ಛತ್ರಿ ಇಡಲಿಕ್ಕೆ.

ತೊಂಬತ್ತರ ದಶಕದ ನಡುವೆ ಒಂದು ದಿನ ಸಮಿತಿಯವರು ಹರಿದ ಪುಸ್ತಕಗಳನ್ನೆಲ್ಲ ಆರಿಸಿ ರದ್ದಿಗೆ ಹಾಕಬೇಕೆಂದರು. ಹೊಸ ಕಪಾಟಿಗೆ ಜಾಗ ಬೇಕಿತ್ತು. ಆರಿಸುವ ಕೆಲಸ ನನ್ನದು. ನಾನು ಏನೂ ಬೇಸರವಿಲ್ಲದೆ ಆರಿಸಿದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಈ ಹೆಸರಿಲ್ಲದ ಪುಸ್ತಕವೂ ರದ್ದಿಯ ಗುಡ್ಡೆಯಲ್ಲೇ ಇತ್ತು. ಕಟ್ಟು ಕಟ್ಟುವಾಗ ನಡುವಿನ ಒಂದು ಪುಟ ತೆರೆದುಕೊಂಡಿತು. ಅಲ್ಲೊಂದು ಚಿತ್ರ: ಉದ್ದನೆಯ ವಾದ್ಯ, ಅದರ ತುದಿಯಲ್ಲಿ ಗಿಳಿಯ ತಲೆ. ನಾನು ಕಟ್ಟು ಬಿಚ್ಚಿ, ಪುಸ್ತಕವನ್ನು ಹೊರಗೆ ತೆಗೆದು ನನ್ನದೆಂದು ಇಟ್ಟುಕೊಂಡೆ. ಆ ಗಿಳಿಯನ್ನು ನಾನು ಚಿಕ್ಕಂದಿನಿಂದ ಬಲ್ಲೆ.

ನನ್ನ ಸೋದರತ್ತೆ ಕಾವೇರತ್ತೆಯ ಮನೆಯ ಗೋಡೆಯ ಮೇಲೆ ಅಂಥದೊಂದು ತೂಗುಹಾಕಿತ್ತು. ನಾವು ಅದನ್ನು ಗಿಳಿವೀಣೆ ಎನ್ನುತ್ತಿದ್ದೆವು. ಹೋದಾಗಲೆಲ್ಲ ಅದರ ಕೊಕ್ಕು ಮುಟ್ಟಿ ಬರುವುದು ನಮ್ಮ ಪದ್ಧತಿ. ಮುಟ್ಟಿ ಮುಟ್ಟಿ ಕೊಕ್ಕಿನ ಬಣ್ಣ ಹೋಗಿತ್ತು. ಅದಕ್ಕೆ ತಂತಿ ಇರಲಿಲ್ಲ. ಕೊಡದಂಥ ಬುರುಡೆಯ ಮೇಲೆ ಹೊದಿಸಿದ್ದ ಚರ್ಮ ಹರಿದಿತ್ತು. ತಂತಿ ಎಲ್ಲಿ ಎಂದು ಕೇಳಿದರೆ ಅತ್ತೆ "ತುಂಡಾತು" ಎನ್ನುತ್ತಿದ್ದಳು, ಮತ್ತೆ ಎಲ್ಲರ ಕೈಗೂ ಬೆಲ್ಲದ ಚೂರು ಕೊಟ್ಟು ಹೊರಗೆ ಕಳಿಸುತ್ತಿದ್ದಳು.

ಕಾವೇರತ್ತೆಯ ತವರು ವಾನಳ್ಳಿ, ಕೊಟ್ಟದ್ದು ಸಿದ್ದಾಪುರದ ಕಡೆಗೆ. ಮಾವ ತೀರಿಕೊಂಡ ಮೇಲೆ ಅವಳು ಸಿದ್ದಾಪುರ ಪೇಟೆಯಲ್ಲಿ ಒಂದು ಅಂಗಡಿಯ ಮೇಲಿನ ಮೆತ್ತಿನಲ್ಲಿ ಎರಡು ಕೋಣೆ ಹಿಡಿದು, ಹುಡುಗಿಯರಿಗೆ ಹಾರ್ಮೋನಿಯಂ ಇಟ್ಟುಕೊಂಡು ಸಂಗೀತ ಹೇಳಿಕೊಡುತ್ತಿದ್ದಳು. ಎಪ್ಪತ್ತರ ಹತ್ತಿರದಲ್ಲೂ ಧ್ವನಿ ಗಟ್ಟಿ, ನಾಲಿಗೆ ಇನ್ನೂ ಗಟ್ಟಿ. ಮಡಿ ಮಾತ್ರ ವಿಪರೀತ. ಬೆಳಗ್ಗಿನ ಅಡುಗೆ ಮಡಿಗೆ ಉಡುವ ರೇಷ್ಮೆಯ ಪಟ್ಟೆ ಸೀರೆಯಲ್ಲೇ. ಪೇಟೆಯ ಹೋಟೆಲಿನ ಚಹಾ ಕುಡಿದವಳಲ್ಲ. ಒಮ್ಮೆ ನಾನು ಸಿರಸಿಯಿಂದ ತಂದ ಬಿಸ್ಕೀಟು ತಿಂದ ಮೇಲೆ, ಅದರಲ್ಲಿ ಮೊಟ್ಟೆ ಇರುತ್ತದಂತೆ ಎಂದು ಯಾರೋ ಹೇಳಿದರು. ಅತ್ತೆ ಮೂರು ಸಲ ಬಾಯಿ ತೊಳೆದು, ಆ ದಿನ ಪೂರ್ತಿ ಉಪವಾಸವಿದ್ದಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅಂದಿನಿಂದ ಅವಳ ಮನೆಗೆ ಹೋಗುವಾಗ ಬಾಳೆಹಣ್ಣು ಬಿಟ್ಟು ಬೇರೇನನ್ನೂ ಒಯ್ಯುವ ಧೈರ್ಯ ನನಗಾಗಲಿಲ್ಲ.

ಗಿಳಿವೀಣೆಯ ಚಿತ್ರ ಸಿಕ್ಕಿದ ವಾರವೇ ಸಿದ್ದಾಪುರಕ್ಕೆ ಹೋಗಿ ಹೇಳಿದೆ. ಅತ್ತೆ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು.

"ಪುಸ್ತಕದಲ್ಲಿ ಇದ್ದಾ? ಇದೇ ವೀಣೆ?"

"ಇದೇ. ಗಿಳಿ ಸಮೇತ ಇದ್ದು. ಸ್ವರಬತ್ ಹೇಳಿ ಹೆಸರಡ."

ಹೆಸರನ್ನು ಅವಳು ಎರಡು ಸಲ ಹೇಳಿಕೊಂಡಳು. ಆಮೇಲೆ ನಿಧಾನಕ್ಕೆ ತನ್ನ ಗುರುಗಳ ಸುದ್ದಿ ತೆಗೆದಳು. ಗುರು ಎಂದರೆ ಆಸ್ಥಾನ ವಿದ್ವಾಂಸರೇನಲ್ಲ. ಮೈಸೂರು ಸೀಮೆಯಿಂದ ಸೋಂದೆಯ ಕಡೆ ಬಂದು, ಅಡುಗೆಯ ಕೆಲಸ ಮಾಡಿಕೊಂಡು, ವಾನಳ್ಳಿಯಲ್ಲಿ ನೆಲೆನಿಂತ ನರಸಿಂಹಯ್ಯ. ಮದುವೆ ಮುಂಜಿಗಳಲ್ಲಿ ನೂರಿನ್ನೂರು ಎಲೆಗೆ ಬೇಯಿಸಿ, ಸಂಜೆ ಕೈ ತೊಳೆದು ಇದನ್ನು ನುಡಿಸುತ್ತಿದ್ದರಂತೆ. ಕಲಿಯಲು ಬಂದವಳು ಇವಳೊಬ್ಬಳೇ. ಇವಳ ಮದುವೆಯ ಊಟಕ್ಕೂ ಅವರೇ ಬೇಯಿಸಿದ್ದು. ಕಳಿಸಿಕೊಡುವ ದಿನ ವಾದ್ಯವನ್ನು ಪಂಚೆಯಲ್ಲಿ ಸುತ್ತಿ ಕೈಗಿಟ್ಟರಂತೆ.

"ಅದರ ನಾದ ಯಂಗೆ ಇನ್ನೊಂದ್ಸಲ ಕೇಳವು ತಮಾ" ಎಂದಳು. "ಬೆರಳು ಇನ್ನೊಂದೆರಡು ವರ್ಷ ಹೇಳಿದ ಮಾತು ಕೇಳಗು. ಆಮೇಲೆ ಇಲ್ಲೆ. ಪುಸ್ತಕದಲ್ಲಿ ಎಂತ ಇದ್ದೋ ಹಾಂಗೇ ಮಾಡ್ಸು. ಹೆಚ್ಚು ಕಡಿಮೆ ಬ್ಯಾಡ."

ಪುಸ್ತಕದಲ್ಲಿ ಇದ್ದ ಹಾಗೆಯೇ ಎಂದು ನಾನು ಮೆಟ್ಟಿಲಿಳಿಯುವಾಗ ಅವಳು ಮತ್ತೊಮ್ಮೆ ಹೇಳಿದಳು. ವಾಚನಾಲಯದ ನೌಕರನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಬೇಕೆ? ನಾನು ಉಬ್ಬಿಹೋದೆ.

ಒಂದು ಮಾತು ಹೇಳಬೇಕು. ನಮ್ಮ ಹೊಸ ಕಪಾಟಿಗೆ ಆಗಷ್ಟೇ ಒಂದು ಹೊಸ ಪುಸ್ತಕವೂ ಬಂದಿತ್ತು, ಭಾರತದ ಎಲ್ಲ ವಾದ್ಯಗಳ ಕೈಪಿಡಿ, ನುಣುಪು ಕಾಗದ, ಬಣ್ಣದ ಚಿತ್ರ. ಅದರಲ್ಲಿ ಸ್ವರಬತ್ತಿಗೆ ಎರಡು ಸಾಲು. ಇದು ಹಿಂದಿನ ಕಾಲದ ತಂತಿವಾದ್ಯ, ಈಗ ಬಳಕೆಯಲ್ಲಿಲ್ಲ, ಅಷ್ಟೇ. ಆಮೇಲೆ ಕಂಪ್ಯೂಟರು ಬಂದ ಕಾಲದಲ್ಲಿ ಪರಿಚಯದವರೊಬ್ಬರ ಅಂಗಡಿಯಲ್ಲಿ ಕೂತು ಹುಡುಕಿಸಿದೆ. ಅಲ್ಲಿಯೂ ಅದೇ ಎರಡು ಸಾಲು ಇಂಗ್ಲಿಷಿನಲ್ಲಿ. ಹೊಸಬರು ಒಬ್ಬರನ್ನೊಬ್ಬರು ನೋಡಿ ಬರೆಯುತ್ತಾರೆ. ಹೆಸರನ್ನು ಒರಲೆ ತಿಂದ ನಮ್ಮ ಪುಣ್ಯಾತ್ಮ ಮಾತ್ರ ವಾದ್ಯವನ್ನು ತೊಡೆಯ ಮೇಲೆ ಇಟ್ಟುಕೊಂಡು ಬರೆದಿದ್ದ. ಬುರುಡೆಯನ್ನೂ ದಂಡಿಯನ್ನೂ ಒಂದೇ ಹಲಸಿನ ಮರದಲ್ಲಿ ಕೊರೆಯುವುದು, ದಂಡಿ ಇಷ್ಟೇ ತೆಳ್ಳಗಿರಬೇಕು, ತಂತಿ ಹೊರುವ ಕುದುರೆ ಎಂಬ ಪಟ್ಟಿ ಚರ್ಮದ ಅಂಚಿನಿಂದ ಎಷ್ಟು ಬೆರಳು ಈಚೆಗೆ ಕೂರಬೇಕು, ತಂತಿ ಬಿಗಿಯುವ ಬಿರಡೆಗೆ ಯಾವ ಮರ, ಎಲ್ಲ ಬರೆದಿದ್ದ. ಜೊತೆಗೆ ಸಿಟ್ಟಿನ ಮನುಷ್ಯ. ಪ್ರತಿ ವಾದ್ಯದ ಕೆಳಗೂ ಅದನ್ನು ಹಾಳು ಮಾಡುವವರಿಗೆ ಒಂದೆರಡು ಬೈಗುಳ. ನನ್ನ ಸಡಿಲ ಮರಾಠಿಗೂ ಆ ಬೈಗುಳ ಸರಾಗವಾಗಿ ತಿಳಿಯುತ್ತಿತ್ತು.

ಒಂದು ಮಧ್ಯಾಹ್ನ, ಫ್ಯಾನಿಗೆ ಬಂದವರೂ ಎದ್ದು ಹೋದ ಮೇಲೆ, ಶಬ್ದಕೋಶ ಮಗ್ಗುಲಿಗಿಟ್ಟುಕೊಂಡು ತಂತಿಯ ಭಾಗ ಓದಿದೆ. ಪುಟದ ಕೊನೆಯ ಸಾಲುಗಳು. ಈ ವಾದ್ಯಕ್ಕೆ ಲೋಹದ ತಂತಿ ಸಲ್ಲದು. ಕುರಿಯ ಕರುಳನ್ನು ತೊಳೆದು, ಹೊಸೆದು, ಒಣಗಿಸಿದ ತಂತಿಯೇ ಬೇಕು. ಲೋಹ ಬಿಗಿಯುವವರು ವಾದ್ಯವನ್ನು ನೇರವಾಗಿ ಒಲೆಗೇ ಇಡಬಹುದು, ಸಮಯ ಉಳಿಯುತ್ತದೆ ಎಂಬ ಅರ್ಥದ ಮಾತೂ ಇತ್ತು.

ಕರುಳು ಎಂಬಲ್ಲಿಗೆ ಬಂದವನು ಕೋಶದಲ್ಲಿ ಮತ್ತೆ ನೋಡಿದೆ. ಬೇರೆ ಅರ್ಥ ಸಿಗಲಿಲ್ಲ. ಕಣ್ಣೆದುರಿಗೆ ಅತ್ತೆ ಬಿಸ್ಕೀಟಿನ ದಿನ ಬಾಯಿ ತೊಳೆಯುತ್ತಿದ್ದದ್ದು ಬಂತು. ಪುಸ್ತಕ ಮುಚ್ಚಿಬಿಟ್ಟೆ.

ಚರ್ಮಕ್ಕೆ ತಕರಾರಿಲ್ಲ. ಯಕ್ಷಗಾನದ ಮದ್ದಳೆ ನಮ್ಮಲ್ಲಿ ದೇವರ ಮನೆಯ ಮಗ್ಗುಲಿಗೇ ಇರುತ್ತದೆ, ಯಾರೂ ಕೇಳುವುದಿಲ್ಲ. ಹಾಸಿಗೆಯ ಅರಳೆ ಹಿಂಜಲು ಪಿಂಜಾರ ಬರುತ್ತಿದ್ದನಲ್ಲ, ಅವನ ಬಿಲ್ಲಿಗೆ ಕಟ್ಟುವುದು ಕರುಳಿನ ನಾರನ್ನೇ. ನಮ್ಮ ಮನೆಯ ಮಡಿವಂತರೆಲ್ಲ ಮಲಗಿದ್ದು ಆ ನಾರು ಹಿಂಜಿದ ಅರಳೆಯ ಮೇಲೆ. ಇದೆಲ್ಲ ನನಗೆ ಗೊತ್ತಿತ್ತು. ಸಿರಸಿಯಲ್ಲಿ ಪಿಂಜಾರರ ಮನೆ ಎಲ್ಲಿದೆ ಎಂಬುದೂ ಗೊತ್ತಿತ್ತು. ಒಂದು ದಿನ ಆ ಓಣಿಯ ಬಾಯಿಯವರೆಗೆ ಹೋಗಿ, ಪರಿಚಯದವರು ಯಾರೋ ಎದುರಾದರೆಂದು ಮಾತಾಡಿ ತಿರುಗಿ ಬಂದೆ. ಆದರೆ ಬೆರಳಲ್ಲಿ ಮುಟ್ಟಿ ನುಡಿಸುವ ತಂತಿ ಬೇರೆ, ಪಿಂಜಾರನ ಬಿಲ್ಲು ಬೇರೆ ಎಂದು ನನಗೆ ನಾನೇ ಹೇಳಿಕೊಂಡೆ. ಇದು ಕುರಿಯ ಕರುಳು ಅತ್ತೆ, ಬೆಳಗಾಗೆದ್ದು ಮುಟ್ಟು ಎಂದು ಎಪ್ಪತ್ತರ ಮಡಿ ಹೆಂಗಸಿಗೆ ಯಾವ ಬಾಯಿಂದ ಹೇಳಲಿ? ಹೇಳಿದರೆ ಆಸೆಯೇ ಬಿಟ್ಟಾಳು ಎಂದು ಹೆದರಿದೆ. ಅವಳಿಗೆ ನಾದ ಕೇಳಿಸಬೇಕು, ಮಡಿಯೂ ಕೆಡಬಾರದು. ಸಿತಾರಿಗೆ ಹಾಕುವ ಉಕ್ಕಿನ ತಂತಿ ಹುಬ್ಬಳ್ಳಿಯಿಂದ ತರಿಸಿದೆ.

ಚರ್ಮವನ್ನು ಮದ್ದಳೆ ಮುಚ್ಚುವವರ ಹತ್ತಿರ ಹೊಸದಾಗಿ ಹೊದಿಸಿದ್ದಾಯಿತು. ಉಳಿದ ಕೆಲಸಕ್ಕೆ ಯಲ್ಲಾಪುರದ ಮಾದೇವ ಆಚಾರಿಯನ್ನು ಹಿಡಿದೆ. ಹೆದ್ದಾರಿಯ ಬದಿಗೆ ಅವನ ಅಂಗಡಿ. ಮರದ ನಾಟಾ ತುಂಬಿದ ಲಾರಿಗಳು ಹೋದಾಗಲೆಲ್ಲ ಗೋಡೆಗೆ ತೂಗುಹಾಕಿದ ಉಳಿಗಳು ಒಂದಕ್ಕೊಂದು ತಾಗುತ್ತಿದ್ದವು. ಬಾಗಿಲು, ಮಂಚ ಮಾಡುವವನು, ಹಾರ್ಮೋನಿಯಂ ಪೆಟ್ಟಿಗೆಯನ್ನೂ ರಿಪೇರಿ ಮಾಡುತ್ತಿದ್ದ. ವಾದ್ಯವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ದಂಡಿಯ ಮೇಲೆ ಹೆಬ್ಬೆರಳು ಎಳೆದು, "ಒಂದ ಕಟ್ಟಿಗ್ಯಾಗ ಕಡದಾರ್ರಿ. ಎಲ್ಲೂ ಜೋಡಣಿ ಇಲ್ಲ. ಹಿಂಗ ಈಗ ಯಾರ ಮಾಡ್ತಾರ್ರಿ?" ಎಂದ. ಬಿರಡೆ, ಕುದುರೆ ಎಲ್ಲ ಪುಸ್ತಕದ ಅಳತೆಯಂತೆ ಮಾಡಿದ. ನಾನು ಪುಸ್ತಕ ಹಿಡಿದು ಓದುವುದು, ಅವನು ಕೆತ್ತುವುದು. ತಂತಿಯ ಸುರುಳಿ ಕೊಟ್ಟ ದಿನ ಮಾತ್ರ ಅವನು ತಡೆದ.

"ಈ ದಂಡಿ ಭಾಳ ಸಣ್ಣದೈತ್ರಿ. ಉಕ್ಕಿನ ತಂತಿ ಬಿಗದ್ರ ತಡೀತೈತೇನ್ರಿ? ಪುಸ್ತಕದಾಗ ಏನೈತಿ ನೋಡ್ರಿ."

ನಾನು ಪುಸ್ತಕ ತೆರೆದು, ಆ ಪುಟವನ್ನೇ ತೆಗೆದು, ಅದರ ಮೇಲೆ ಬೆರಳಿಟ್ಟು, "ಉಕ್ಕು ಅಂತಲೇ ಇದೆ" ಎಂದೆ.

"ಪುಸ್ತಕದಾಗ ಐತಿ ಅಂದ್ರ ಮುಗೀತ ಬಿಡ್ರಿ" ಎಂದು ಅವನು ಬಿರಡೆಗೆ ತಂತಿ ಸುತ್ತತೊಡಗಿದ.

ವಾದ್ಯವನ್ನು ಮಡಿಲಲ್ಲಿಟ್ಟುಕೊಂಡು ಸಿರಸಿಯ ಮೇಲೆ ಸಿದ್ದಾಪುರದವರೆಗೆ ಬಸ್ಸಿನಲ್ಲಿ ಬಂದೆ. ಯಾರೋ ಒಬ್ಬರು ನಾಟಕದ ಕಂಪನಿಯೇ ಎಂದು ಕೇಳಿದರು. ಅತ್ತೆ ಮಿಂದು, ಕಾದು ಕೂತಿದ್ದಳು. ಅವಳ ಹತ್ತಿರ ಕಲಿಯುವ ಇಬ್ಬರು ಹುಡುಗಿಯರನ್ನೂ ಬರಹೇಳಿದ್ದಳು. ಪಂಚೆ ಬಿಚ್ಚಿದಾಗ ಮೊದಲು ಅವಳ ಕಣ್ಣು ಹೋದದ್ದು ತಂತಿಯ ಮೇಲೆ.

"ಪುಸ್ತಕದಲ್ಲಿ ಹಾಂಗೇ ಇದ್ದನ, ಉಕ್ಕು ಹೇಳಿ?"

"ಹೌದು ಅತ್ತೆ."

"ನೀನೇ ಓದಿದ್ಯಾ?"

"ಆನೇ ಓದಿದ್ದು."

ಅವಳು ತಂತಿಯ ಮೇಲೆ ಬೆರಳು ಇಡದೆ ಸ್ವಲ್ಪ ಹೊತ್ತು ಕೂತಳು. ನಾನು ಅದನ್ನು ಭಕ್ತಿ ಎಂದುಕೊಂಡೆ. ಆಮೇಲೆ ನುಡಿಸಿದಳು. ನನಗೆ ಸಂಗೀತದ ಗಂಧ ಅಷ್ಟಕ್ಕಷ್ಟೆ, ಆದರೂ ಅದು ಎಲ್ಲೋ ತಗಡು ಬಡಿದಂತೆ ಕೇಳಿಸಿತು. ಬೆರಳು ಹಳೆಯ ಜಾಗಗಳನ್ನು ಹುಡುಕಿ ಹುಡುಕಿ ಹಿಡಿಯುತ್ತಿತ್ತು, ಹಿಡಿದಲ್ಲೆಲ್ಲ ಆ ತಗಡಿನ ಸದ್ದೇ ಬರುತ್ತಿತ್ತು. ಕಾಲು ತಾಸು ನುಡಿಸಿ ಕೆಳಗಿಟ್ಟಳು. ಬೆರಳ ತುದಿಯಲ್ಲಿ ತಂತಿ ಕೊರೆದ ಗೆರೆ ಎದ್ದಿತ್ತು.

"ಹೇಂಗಿದ್ದು?" ಎಂದೆ.

"ಅಡ್ಡಿಲ್ಲೆ" ಎಂದಳು.

ನಮ್ಮ ಕಡೆ ಅಡ್ಡಿಲ್ಲೆ ಎಂಬ ಮಾತಿಗೆ ಎಲ್ಲಿಯೂ ಪ್ರವೇಶವುಂಟು. ಹೋಳಿಗೆ ಚೆನ್ನಾಗಿದ್ದರೂ ಅಡ್ಡಿಲ್ಲೆ, ಅಳಿಯ ಸಾಧಾರಣ ಇದ್ದರೂ ಅಡ್ಡಿಲ್ಲೆ, ಕಾಲು ಮುರಿದವನನ್ನು ನೋಡಲು ಹೋದರೂ ಅವನು ಹೇಳುವುದು ಅಡ್ಡಿಲ್ಲೆ. ನಾನು ನನಗೆ ಬೇಕಾದ ಅರ್ಥವನ್ನು ತೆಗೆದುಕೊಂಡು ಸಂಜೆಯ ಬಸ್ಸು ಹಿಡಿದೆ. ಹುಡುಗಿಯರು ತಮಗೆ ಹಾರ್ಮೋನಿಯಮ್ಮೇ ಸಾಕು ಎಂದು ಮೆಟ್ಟಿಲಲ್ಲಿ ಮಾತಾಡಿಕೊಂಡದ್ದನ್ನು ಕೇಳಿಸಿಕೊಳ್ಳದವನಂತೆ ಇಳಿದೆ.

ಎಂಟನೆಯ ದಿನ ವಾಚನಾಲಯಕ್ಕೆ ಫೋನು ಬಂತು. ಅತ್ತೆಯೇ ಕೆಳಗಿನ ಅಂಗಡಿಯಿಂದ ಮಾಡಿದ್ದು. "ಮುರತ್ತು ತಮಾ" ಎಂದಳು, ಫೋನಿಟ್ಟಳು. ಹೋಗಿ ನೋಡಿದೆ. ಅವಳು ಒಲೆಯ ಮುಂದಿದ್ದಾಗ, ಯಾರೂ ಮುಟ್ಟದೆ, ಗೋಡೆಯ ಮೇಲೆಯೇ ಮುರಿದಿತ್ತು. ದಂಡಿ ನಡುವಿಗಿಂತ ಸ್ವಲ್ಪ ಕೆಳಗೆ ಸೀಳಿ, ಸೀಳು ಬುರುಡೆಯೊಳಕ್ಕೆ ಇಳಿದು, ಹೊಸ ಚರ್ಮವನ್ನು ಅರ್ಧಕ್ಕೆ ಹರಿದಿತ್ತು. ಗಿಳಿಯ ತಲೆ ತಂತಿಗೆ ಜೋತುಬಿದ್ದು ನೆಲ ನೋಡುತ್ತಿತ್ತು.

ಮತ್ತೆ ಪಂಚೆಯಲ್ಲಿ ಸುತ್ತಿ ಯಲ್ಲಾಪುರಕ್ಕೆ ಒಯ್ದೆ. ಮಾದೇವ ಆಚಾರಿ ಸೀಳಿನಲ್ಲಿ ಬೆಳಕು ಬಿಟ್ಟು ನೋಡಿದ. "ಇದು ಕೂಡೂದಿಲ್ರಿ. ಬ್ಯಾರೆ ದಂಡಿ ಮಾಡಿ ಕೊಡಬಹುದು, ಆದ್ರ ಅದು ಇದಲ್ಲ" ಎಂದ. ಆಮೇಲೆ ತುಸು ಸಂಕೋಚದಿಂದ ಕೇಳಿದ. "ಪುಸ್ತಕದಾಗ ತಪ್ಪ ಬರದಾರೇನ್ರಿ?"

"ಇರಬಹುದು" ಎಂದೆ.

"ಹಳೇ ಪುಸ್ತಕರಿ. ಎಷ್ಟಂತ ನಂಬೂದು."

ನಾನು ಹೂಂ ಎಂದೆ. ಒಬ್ಬ ಸತ್ತ ಮನುಷ್ಯ, ಹೆಸರನ್ನೂ ಒರಲೆಗೆ ಕೊಟ್ಟವನು, ತಾನು ಮುಟ್ಟಿ ನೋಡದ ಒಂದು ಮಾತನ್ನೂ ಬರೆಯದವನು. ಅವನ ತಲೆಗೆ ನನ್ನ ತಪ್ಪನ್ನು ಕಟ್ಟಿ, ಮಾದೇವ ತರಿಸಿಕೊಟ್ಟ ಚಹಾ ಕುಡಿದಿದ್ದೇನೆ. ಆ ಚಹಾ ನನಗೆ ಈಗಲೂ ನೆನಪಿದೆ. ಅತ್ತೆಗೂ ಅದನ್ನೇ ಹೇಳಿದೆ, ಪುಸ್ತಕದಲ್ಲೇ ತಪ್ಪಿತ್ತು ಕಾಣುತ್ತದೆ ಎಂದು. ಅವಳು ಮುರಿದದ್ದನ್ನು ತೆಗೆದುಕೊಂಡು ಪೆಟ್ಟಿಗೆಯೊಳಗೆ ಇಟ್ಟಳು. ಗೋಡೆಯ ಮೇಲೆ ಮತ್ತೆ ತೂಗುಹಾಕಲಿಲ್ಲ.

ಆಮೇಲೆ ನಾನು ಸಿದ್ದಾಪುರಕ್ಕೆ ಹೋಗುವುದನ್ನು ಕಡಿಮೆ ಮಾಡಿದೆ. ಹೋಗದೆ ಇರಲಿಕ್ಕೆ ಕಾರಣಗಳಿಗೆ ಬರವೇ? ಬಸ್ಸು ಸರಿಯಿಲ್ಲ, ಸಮಿತಿಯ ಸಭೆ, ಹೆಂಡತಿಗೆ ಶೀತ. ಅತ್ತೆ ಕಲಿಸುವುದನ್ನು ನಿಲ್ಲಿಸಿದಳೆಂದು ಕೇಳಿದೆ, ಬೆರಳು ಮಡಚಲು ಬರುವುದಿಲ್ಲವೆಂದು ಕೇಳಿದೆ. ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ಅತ್ತೆ ಜಾರಿಬಿದ್ದು ಸೊಂಟಕ್ಕೆ ಪೆಟ್ಟಾಗಿ ಮಲಗಿದ್ದಾಳೆಂದೂ, ನನ್ನನ್ನು ಬರಹೇಳಿದ್ದಾಳೆಂದೂ ಸುದ್ದಿ ಬಂತು. ಬರುವಾಗ ಆ ಪುಸ್ತಕ ತರಬೇಕಂತೆ.

ಒಯ್ದೆ. ಕಾಲ ಬುಡದಲ್ಲಿ ಕೂತೆ. ಮಲಗಿದಲ್ಲೂ ಪಟ್ಟೆ ಸೀರೆ ಬಿಟ್ಟಿರಲಿಲ್ಲ. ಮುಖ ಒಂದು ಹಿಡಿಯಷ್ಟಾಗಿತ್ತು.

"ಓದು. ಗಿಳಿವೀಣೆದು ಪೂರ್ತಿ ಓದು. ಕನ್ನಡದಲ್ಲಿ ಹೇಳು."

ಮರದಿಂದ ಶುರುಮಾಡಿದೆ. ಬುರುಡೆ, ದಂಡಿ, ಚರ್ಮ, ಬಿರಡೆ, ಕುದುರೆ. ಕೊನೆಯ ಸಾಲುಗಳಿಗೆ ಬಂದೆ, ನಿಂತೆ, "ಇಷ್ಟೇ ಇಪ್ಪದು" ಎಂದೆ.

ಅತ್ತೆ ಕಣ್ಣು ಮುಚ್ಚಿಯೇ ನಕ್ಕಳು. "ಮರ ಹೇಳಿದ, ಚರ್ಮ ಹೇಳಿದ, ಕುದುರೆ ಎಷ್ಟು ಬೆರಳು ಈಚೆಗೆ ಹೇಳಿ ಹೇಳಿದ. ತಂತಿ ಎಂತದ್ದು ಹೇಳಿ ಮಾತ್ರ ಬರೆಯದ್ದೆ ಬಿಟ್ಟಿಕ್ಕಿದ್ನ ಆ ಪುಣ್ಯಾತ್ಮ?"

ನಾನು ಪುಟದ ಮೇಲೆ ಕಣ್ಣು ನೆಟ್ಟೆ.

"ಕರುಳು ಹೇಳಿ ಬರದ್ದು, ಅಲ್ದಾ?"

"ಹೌದು ಅತ್ತೆ."

"ಹನ್ನೊಂದು ವರ್ಷ ಆನೇ ಈ ಕೈಯಲ್ಲಿ ಅದನ್ನ ಎಣ್ಣೆ ಹಚ್ಚಿ ಕಟ್ಟಿದ್ದೆ. ವಾನಳ್ಳಿಲಿ ಯಾರಿಗೂ ಗೊತ್ತಿತ್ತಿಲ್ಲೆ. ನರಸಿಂಹಯ್ಯ ಒಬ್ಬಂಗೆ, ಯಂಗೊಬ್ಬಳಿಗೆ. ಮದುವೆ ಆಗಿ ಬಂದ ವರ್ಷ ಯಮ್ಮನೆ ಅತ್ತೆಗೆ, ನಿನ್ನ ಮಾವನ ಆಯಿಗೆ, ಹೇಂಗೋ ಗೊತ್ತಾತು. ಕತ್ತರಿ ತಂದು ಎಲ್ಲ ತಂತಿ ಕತ್ತರಿಸಿ ಹಾಕಿತ್ತು. ಯನ್ನ ಮೂರು ದಿನ ಅಡುಗೆಮನೆ ಒಳಗೆ ಬಿಡ್ಲಿಲ್ಲೆ. ಅಡುಗೆಯವನ ಬುದ್ಧಿ, ಹೊಲಸು ಹೇಳಿ ಊರೆಲ್ಲ ಹೇಳಿತ್ತು. ಆಮೇಲೆ ಆನು ಯಾರೂ ಬೆರಳು ತೋರ್ಸದ್ದಿದ್ದ ಹಾಂಗೆ ಮಡಿ ಮಾಡ್ತಾ ಬಂದೆ."

"ಯಂಗೆ ಎಂತಕ್ಕೆ ಹೇಳಿದ್ಯಿಲ್ಲೆ ಅತ್ತೆ?"

"ನಿಂಗೆ ಹೇಸಿಗೆ ಆಗ್ತೇನ ಹೇಳಿ. ಪುಸ್ತಕ ಹೇಳ್ಲಿ ಹೇಳಿ ಕಾದಿದ್ದೆ. ಅಚ್ಚಾದ ಪುಸ್ತಕದಲ್ಲೇ ಇದ್ದು ಹೇಳಾದ್ರೆ ಯಾರೂ ಎದುರು ಮಾತಾಡ್ತ್ವಿಲ್ಲೆ ಅಲ್ದನ? ನೀ ಉಕ್ಕಿನ ತಂತಿ ತಗಂಡು ಬಂದೆ. ಪುಸ್ತಕದಲ್ಲಿ ಹಾಂಗೇ ಇದ್ದು ಅಂದೆ. ಹಂಗಾರೆ ನರಸಿಂಹಯ್ಯನೇ ತಪ್ಪು ಮಾಡಿದ್ದ, ಯಮ್ಮನೆ ಅತ್ತೆ ಹೇಳಿದ್ದೇ ಖರೆ ಹೇಳಿ ಮಾಡ್ಕಂಡೆ. ಇಷ್ಟು ವರ್ಷ ಹಾಂಗೇ ಮಾಡ್ಕಂಡಿದ್ದೆ."

ವಾದ್ಯ ಮುರಿದದ್ದೇ ನಾನು ಮಾಡಿದ ಅನಾಹುತ ಎಂದು ಅಲ್ಲಿಯವರೆಗೆ ತಿಳಿದಿದ್ದೆ. ಅವಳ ಗುರುವಿನ ಪರವಾಗಿ ಲೋಕದಲ್ಲಿ ಒಂದೇ ಒಂದು ಸಾಕ್ಷಿಯಿತ್ತು, ಅದನ್ನು ನಾನು ಕೈಯಲ್ಲಿ ಹಿಡಿದುಕೊಂಡೇ ಸುಳ್ಳು ಹೇಳಿದ್ದೆ.

"ಈಗ ಓದು. ಅಂವ ಬರೆದ ಹಾಂಗೇ ಓದು."

ಓದಿದೆ. ಕುರಿಯ ಕರುಳು, ತೊಳೆಯುವುದು, ಹೊಸೆಯುವುದು, ಒಲೆಯ ಬೈಗುಳ, ಎಲ್ಲ. ಒಲೆ ಬಂದಾಗ ಅತ್ತೆ ಮತ್ತೆ ನಕ್ಕಳು, "ನರಸಿಂಹಯ್ಯನೂ ಹಾಂಗೇ ಬೈತಿದ್ದ" ಎಂದಳು. ನಗುವಾಗ ಕಣ್ಣ ತುದಿಯಿಂದ ನೀರು ಕಿವಿಯವರೆಗೆ ಇಳಿಯಿತು. ಮುಂದೆ ಎಂದಳು.

ಪುಟ ತಿರುಗಿಸಿದೆ. ತಂತಿಯ ಮಾತು ಆಚೆ ಪುಟದಲ್ಲೂ ಎರಡು ಸಾಲು ಮುಂದುವರಿದಿತ್ತು. ಅಂದು ಮಧ್ಯಾಹ್ನ ಕರುಳು ಎಂಬ ಶಬ್ದಕ್ಕೆ ಹೇಸಿ ಪುಸ್ತಕ ಮುಚ್ಚಿದವನು ಆ ಪುಟವನ್ನು ತೆರೆದಿರಲೇ ಇಲ್ಲ. ಕರುಳು ಮುಟ್ಟದ ಮನೆತನಗಳಲ್ಲಿ ಬಿಗಿಯಾಗಿ ಹುರಿ ಹಾಕಿದ ರೇಷ್ಮೆಯ ತಂತಿ ಕಟ್ಟುವ ರೂಢಿಯೂ ಇದೆ, ನಾದದಲ್ಲಿ ಕೊರತೆಯಿಲ್ಲ ಎಂದು ಅಲ್ಲಿತ್ತು. ಗಟ್ಟಿಯಾಗಿ ಓದದೆ ಆ ಎರಡು ಸಾಲಿನ ಮೇಲೆ ಮತ್ತೆ ಬೆರಳಾಡಿಸಿದೆ.

"ಎಂತದು?" ಎಂದಳು ಅತ್ತೆ.

"ರೇಷ್ಮೆಯೂ ಆಗ್ತಡ."

"ರೇಷ್ಮೆನ?"

ಅವಳ ಕೈ ಸೆರಗಿನ ಮೇಲಿತ್ತು. ಮಡಚಲು ಬಾರದ ಬೆರಳುಗಳಲ್ಲಿ ಪಟ್ಟೆಯ ಅಂಚನ್ನು ಹಿಡಿಯಲು ನೋಡಿದಳು, ಹಿಡಿಯಲಾಗಲಿಲ್ಲ.

"ಇದು ಯಂಗೂ ಗೊತ್ತಿತ್ತಿಲ್ಲೆ. ನರಸಿಂಹಯ್ಯಂಗೂ ಗೊತ್ತಿತ್ತಿಲ್ಲೆ ಕಾಣ್ತು. ಯಮ್ಮನೆ ಅತ್ತೆ ಕತ್ತರಿ ತಂದ ದಿನ ಈ ಪುಸ್ತಕ ಎಲ್ಲಿತ್ತನ ತಮಾ?"

ಕೊನೆಯ ರಟ್ಟಿನ ಒಳಬದಿಗೆ ನಮ್ಮ ವಾಚನಾಲಯದ ಗುಂಡನೆಯ ಮುದ್ರೆಯಿದೆ. ಪುಸ್ತಕ ಬಂದ ವರ್ಷವನ್ನು ಯಾರೋ ನೇರಳೆ ಮಸಿಯಲ್ಲಿ ಬರೆದಿದ್ದಾರೆ. ಅತ್ತೆಯ ಮದುವೆಗಿಂತ ಮೊದಲಿನದು. ಇನ್ನು ಸುಳ್ಳು ಹೇಳುವುದು ನನ್ನಿಂದ ಸಾಧ್ಯವಿರಲಿಲ್ಲ.

"ಸಿರ್ಸಿಲೇ ಇತ್ತು ಅತ್ತೆ. ಯಂಗ್ಳ ಕಪಾಟಿನಲ್ಲಿ."

ಅತ್ತೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು, "ಇನ್ನೂ ಇದ್ದರೆ ಓದು" ಎಂದಳು.

ಇನ್ನೂ ಅರ್ಧ ಪುಟ ಇತ್ತು. ಓದಿದೆ.